ನಮ್ಮ ದುಡ್ಡು ಯಾರು ತೆಗೆದರು ಅಂತ ಪಾಸ್‌ಬುಕ್ಕೇ ಹೇಳಲಿ: ಮಂಡ್ಯದ ಬ್ಯಾಂಕ್ ವ್ಯವಸ್ಥಾಪಕರಿಗೆ ಬಹಿರಂಗ ಪತ್ರ

ಮಂಡ್ಯ
2024 ಆಗಸ್ಟ್ 12

ಇವರಿಗೆ,
ಮಂಡ್ಯ ಜಿಲ್ಲೆಯ ಎಲ್ಲ ಬ್ಯಾಂಕ್ ಶಾಖೆಗಳ ವ್ಯವಸ್ಥಾಪಕರು,
ಹಾಗೂ ಜಿಲ್ಲಾ ಲೀಡ್ ಬ್ಯಾಂಕ್ ವ್ಯವಸ್ಥಾಪಕರು

ವಿಷಯ: ಪಾಸ್‌ಬುಕ್ ಮತ್ತು ಸ್ಟೇಟ್‌ಮೆಂಟ್‌ನಲ್ಲಿ ಅರ್ಥವಾಗದ ಕಡಿತಗಳ ಬಗ್ಗೆ

ಮಾನ್ಯರೇ,

ನಾನು ಮಂಡ್ಯದಲ್ಲಿ ಒಂದು ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ಆನ್‌ಲೈನ್ ಅರ್ಜಿ ತುಂಬುವುದು, ಪಹಣಿ ತೆಗೆದುಕೊಡುವುದು, ಕರೆಂಟ್ ಬಿಲ್ ಕಟ್ಟುವುದು ಎಲ್ಲ ಅಲ್ಲೇ. ಅಂಗಡಿ ಇರುವುದು ಬ್ಯಾಂಕ್ ಇರುವ ರಸ್ತೆಯಲ್ಲಿ. ಹಾಗಾಗಿ ಬ್ಯಾಂಕಿನಿಂದ ಹೊರಗೆ ಬಂದವರು ಎಷ್ಟೋ ಜನ ನೇರ ನನ್ನ ಹತ್ತಿರ ಬರುತ್ತಾರೆ. ಆಗಷ್ಟೇ ಎಂಟ್ರಿ ಹಾಕಿಸಿದ ಪಾಸ್‌ಬುಕ್ ಕೈಯಲ್ಲಿರುತ್ತದೆ. ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದ್ಯಾಕೆ ಕಟ್ ಆಗಿದೆ, ಒಸಿ ನೋಡವ್ವ" ಅನ್ನುತ್ತಾರೆ. ವಾರದಲ್ಲಿ ಮೂರ್ನಾಲ್ಕು ಜನವಾದರೂ ಹೀಗೆ ಬರುತ್ತಾರೆ.

ನಾನು ಓದಿದ್ದು ಬಿ.ಕಾಂ. ಇಂಗ್ಲಿಷ್ ಓದಲು ಬರುತ್ತದೆ. ಆದರೂ ಆ ಸಾಲುಗಳಲ್ಲಿ ಅರ್ಧ ನನಗೂ ಗೊತ್ತಾಗುವುದಿಲ್ಲ. ಇಷ್ಟು ದಿನ ಅಂದಾಜಿನ ಮೇಲೆ ಉತ್ತರ ಹೇಳಿ ಕಳಿಸುತ್ತಿದ್ದೆ. ಈ ವರ್ಷ ನಡೆದ ನಾಲ್ಕು ಸಂಗತಿಗಳು ನನ್ನನ್ನು ಈ ಪತ್ರ ಬರೆಯುವಂತೆ ಮಾಡಿವೆ. ಯಾವ ಬ್ಯಾಂಕು, ಯಾವ ಶಾಖೆ ಅಂತ ಹೆಸರು ಹೇಳುವುದಿಲ್ಲ. ಒಬ್ಬರ ಮೇಲೆ ದೂರು ಹೊರಿಸುವುದು ನನ್ನ ಉದ್ದೇಶ ಅಲ್ಲ. ಇದು ಎಲ್ಲ ಬ್ಯಾಂಕಿನಲ್ಲೂ ಇರುವ ತೊಂದರೆ.

ಮೇ ತಿಂಗಳಲ್ಲಿ ಕೆರಗೋಡು ಕಡೆಯ ಒಬ್ಬರು ಅಜ್ಜಿ ಬಂದರು. ಗೃಹಲಕ್ಷ್ಮಿಯ 2,000 ಬಂದಿದೆ ಅಂತ ತೆಗೆಯಲು ಹೋದರೆ ಖಾತೆಯಲ್ಲಿ ಇದ್ದದ್ದು 1,764. ನಡುವೆ 236 ರೂಪಾಯಿ ಹೋಗಿತ್ತು. ಮುಂದೆ ಇಂಗ್ಲಿಷಿನ ನಾಲ್ಕೈದು ಅಕ್ಷರ, ಅದರ ಪಕ್ಕ ಕಾರ್ಡಿನ ಕೊನೆಯ ನಾಲ್ಕು ಅಂಕಿ. ಕೌಂಟರಿನಲ್ಲಿ ಕೇಳಿದ್ದಕ್ಕೆ "ಅದು ಕಾರ್ಡಿಂದ ಹೋಗಿದೆ ಅಜ್ಜಿ" ಅಂದರಂತೆ. ಅಷ್ಟೇ. ಕಾರ್ಡಿಂದ ಅಂದ ಕೂಡಲೇ ಅಜ್ಜಿಗೆ ಮೊಮ್ಮಗನ ಮೇಲೆ ಅನುಮಾನ ಬಂತು. ಎಟಿಎಂಗೆ ಹೋಗಲು ಮನೆಯಲ್ಲಿ ಬರುವುದು ಅವನೊಬ್ಬನಿಗೇ. ಪಿಯುಸಿ ಓದುವ ಹುಡುಗ. ಅವನು ತಾನಲ್ಲ ಅಂದಷ್ಟೂ ಅಜ್ಜಿಗೆ ಅನುಮಾನ ಜಾಸ್ತಿಯಾಯಿತು. ಕೊನೆಗೆ ಅವನೇ ಸಿಟ್ಟಿನಲ್ಲಿ ಅಜ್ಜಿಯನ್ನು ಬಸ್ ಹತ್ತಿಸಿಕೊಂಡು ನನ್ನ ಅಂಗಡಿಗೆ ಕರೆದುಕೊಂಡು ಬಂದಿದ್ದ. ಹುಡುಗನ ಕಣ್ಣು ಕೆಂಪಾಗಿತ್ತು.

ಅದು ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ. 200 ರೂಪಾಯಿ ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ 36 ರೂಪಾಯಿ, ಒಟ್ಟು 236. ಲೆಕ್ಕ ಹಾಕಿ ತೋರಿಸಿದಾಗ ಅಜ್ಜಿ ಮೊಮ್ಮಗನ ಮುಖವನ್ನೇ ನೋಡುತ್ತಾ ನಿಂತರು. "ಬುಡ್ಲಾ ಮಗ, ನಂಗೇನ್ ಗೊತ್ತು" ಅಂದರು. "ಕಾರ್ಡಿನ ವರ್ಷದ ಫೀಸು" ಅಂತ ಆ ಪುಟದಲ್ಲಿ ಮೂರು ಪದ ಅಚ್ಚಾಗಿದ್ದರೆ ಆ ಹುಡುಗ ಕಳ್ಳ ಅನ್ನಿಸಿಕೊಳ್ಳುತ್ತಿರಲಿಲ್ಲ.

ಇದೇ 236 ಇನ್ನೊಬ್ಬರ ಮನೆಯಲ್ಲಿ ಏನು ಮಾಡಿತು ಅಂತಲೂ ಹೇಳುತ್ತೇನೆ. ಮದ್ದೂರಿನ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ನನ್ನ ಪರಿಚಯದ ಅಕ್ಕ ಒಬ್ಬರು ಗಾಡಿ ಸಾಲದ ಕಂತಿಗೆ ಅಂತ ಖಾತೆಯಲ್ಲಿ 2,200 ಬಿಟ್ಟಿದ್ದರು. ಕಂತು 2,150. ಕಂತಿನ ಹಿಂದಿನ ದಿನ ಕಾರ್ಡಿನ ಫೀಸು ಕಟ್ ಆಗಿ 1,964 ಉಳಿಯಿತು. ಕಂತು ವಾಪಸ್ ಹೋಯಿತು. ಅದಕ್ಕೆ ದಂಡ 250, ಜಿಎಸ್‌ಟಿ ಸೇರಿ 295. ಸಾಲ ಕೊಟ್ಟವರು ಮತ್ತೆ ಕಳಿಸಿದರು. ಮತ್ತೆ ವಾಪಸ್, ಮತ್ತೆ 295. ಅಕ್ಕ ಪಾಸ್‌ಬುಕ್ ತಂದಾಗ 1,374 ಇತ್ತು. ಸಾಲ ಕೊಟ್ಟವರ ದಂಡ ಬೇರೆ. ಯಾರೋ ತನ್ನ ಕಾರ್ಡ್ ಕದ್ದು ಮೂರು ಸಲ ಉಜ್ಜಿದ್ದಾರೆ ಅಂತಲೇ ಅವರು ನಂಬಿದ್ದರು. ಸಾಲುಗಳನ್ನು ನೋಡಿದರೆ ಹಾಗೆ ಅನ್ನಿಸುವುದು ತಪ್ಪಲ್ಲ. ಮೂರೂ ಒಂದೇ ಥರ ಕಾಣುತ್ತಿದ್ದವು.

ನನ್ನದೇ ಒಂದು ಪ್ರಸಂಗ ಇದೆ. ಚಿಕ್ಕಮ್ಮನ ಮಗಳ ಮದುವೆಗೆ ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಸೀರೆ ತೆಗೆದು, ಕಾರ್ಡ್ ಉಜ್ಜಿ ಬಂದೆ. ಒಂದು ವಾರ ಬಿಟ್ಟು ರಾತ್ರಿ ಸ್ಟೇಟ್‌ಮೆಂಟ್ ನೋಡುತ್ತೇನೆ, ಯಾವುದೋ ಎಂಟರ್‌ಪ್ರೈಸಸ್ ಹೆಸರಲ್ಲಿ 3,450 ಹೋಗಿದೆ. ಊರು ಬೆಂಗಳೂರು ಅಂತಿದೆ. ತಾರೀಕು ನಾನು ಮಂಡ್ಯದಲ್ಲೇ ಅಂಗಡಿಯಲ್ಲಿ ಕೂತಿದ್ದ ದಿನದ್ದು. ಎದೆ ಧಸಕ್ ಅಂತು. ಆಗಲೇ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದೆ. ಮರುದಿನ ಪೇಪರ್ ಬಂಡಲ್ ತಂದವರಿಗೆ ದುಡ್ಡು ಕೊಡಲು ಆಗಲಿಲ್ಲ. ಹೊಸ ಕಾರ್ಡ್ ಬರಲು ಹನ್ನೊಂದು ದಿನ ಆಯಿತು. ಆಮೇಲೆ ಬ್ಯಾಗಿನಲ್ಲಿ ಸೀರೆ ಅಂಗಡಿಯ ಬಿಲ್ ಸಿಕ್ಕಿತು. ಮೊತ್ತ 3,450. ಬಿಲ್ಲಿನ ಕೆಳಗೆ ಜಿಎಸ್‌ಟಿ ನಂಬರಿನ ಪಕ್ಕ, ಸಣ್ಣ ಅಕ್ಷರದಲ್ಲಿ ಅದೇ ಎಂಟರ್‌ಪ್ರೈಸಸ್ ಹೆಸರು ಇತ್ತು. ಬೋರ್ಡಿನ ಮೇಲಿನ ಹೆಸರೇ ಬೇರೆ, ನೋಂದಣಿ ಆದ ಹೆಸರೇ ಬೇರೆ.

ಆ ದಿನದಿಂದ ನಾನು ಇದನ್ನು ಕುಳಿತು ತಿಳಿದುಕೊಂಡೆ. ಕಾರ್ಡ್ ಉಜ್ಜಿದಾಗ ಆ ಯಂತ್ರದಿಂದ ಒಂದು ಸಂದೇಶ ಹೊರಡುತ್ತದೆ. ಅಂಗಡಿಗೆ ಯಂತ್ರ ಕೊಟ್ಟ ಬ್ಯಾಂಕಿಗೆ, ಅಲ್ಲಿಂದ ರುಪೇ ಅಥವಾ ವೀಸಾದಂಥ ಜಾಲಕ್ಕೆ, ಅಲ್ಲಿಂದ ನಮ್ಮ ಬ್ಯಾಂಕಿಗೆ ಹೋಗುತ್ತದೆ. ಆ ಸಂದೇಶದಲ್ಲಿ ಅಂಗಡಿಯ ಹೆಸರು, ಊರು, ದೇಶ ಎಲ್ಲ ಸೇರಿ ಇರುವ ಜಾಗ ಬರೀ 40 ಅಕ್ಷರ. ಹೆಸರು ಉದ್ದ ಇದ್ದರೆ ಅರ್ಧಕ್ಕೇ ತುಂಡಾಗುತ್ತದೆ. ಊರಿನ ಜಾಗದಲ್ಲಿ ಎಷ್ಟೋ ಸಲ ಮುಖ್ಯ ಕಚೇರಿಯ ಊರು ಬರುತ್ತದೆ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ, ಅಂಗಡಿಯ ಬದಲು ನಡುವೆ ದುಡ್ಡು ವಸೂಲು ಮಾಡಿಕೊಡುವ ಕಂಪನಿಯ ಹೆಸರೇ ಬಂದುಬಿಡಬಹುದು. ತಾರೀಕೂ ಅಷ್ಟೇ. ನಾವು ಉಜ್ಜಿದ ದಿನ ಒಂದು, ಲೆಕ್ಕ ಖಾತೆಗೆ ಏರಿದ ದಿನ ಇನ್ನೊಂದು ಆಗಿರಬಹುದು. ಭಾನುವಾರ, ಹಬ್ಬ ಬಂದರೆ ಅಂತರ ಇನ್ನೂ ಜಾಸ್ತಿ ಆಗಬಹುದು.

ಇದನ್ನೆಲ್ಲ ನೀವು ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಕಲಿತಿರುತ್ತೀರಿ. ನಮಗೆ ಯಾರು ಹೇಳುತ್ತಾರೆ ಸಾರ್?

ಇಷ್ಟೇ ಆಗಿದ್ದರೆ ಸುಮ್ನೆ ಆತಂಕ, ಸುಮ್ನೆ ಓಡಾಟ ಅಂತ ಬಿಟ್ಟುಬಿಡಬಹುದಿತ್ತು. ನಾಲ್ಕನೆಯ ಸಂಗತಿ ಹಾಗಲ್ಲ. ನನಗೆ ಜಾಸ್ತಿ ನೋವಾಗಿರುವುದು ಅದರಿಂದಲೇ.

ಅಂಗನವಾಡಿಯಲ್ಲಿ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತರಾದ ಅಮ್ಮ ಒಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ. ಜೂನ್‌ನಲ್ಲಿ ಅವರ ಖಾತೆಯಿಂದ 842.16 ಹೋಯಿತು. ಮರುದಿನ ಮತ್ತೆ 842.16. ಎರಡು ದಿನ ಬಿಟ್ಟು 1,684.32. ಪ್ರತಿಯೊಂದರ ಕೆಳಗೂ ಇನ್ನೊಂದು ಸಣ್ಣ ಕಡಿತ. ವಿದೇಶಿ ಹಣದಲ್ಲಿ ಖರ್ಚಾದರೆ ಬ್ಯಾಂಕು ಮೇಲೆ ಹಾಕುವ ಶೇಕಡಾವಾರು ಶುಲ್ಕ ಅದು, ಅದಕ್ಕೂ ಜಿಎಸ್‌ಟಿ. ಎಲ್ಲ ಸೇರಿ ಮೂರೂವರೆ ಸಾವಿರ. ಮೆಸೇಜ್ ಬಂದಿತ್ತು, ಇಂಗ್ಲಿಷಿನಲ್ಲಿ, ಅವರ ಕೀಪ್ಯಾಡ್ ಫೋನಿಗೆ. ರೀಚಾರ್ಜ್ ಮಾಡಿ, ಸಾಲ ತಗೊಳ್ಳಿ ಅನ್ನುವ ಮೆಸೇಜ್‌ಗಳ ನಡುವೆ ಅದೂ ಒಂದು. ಹತ್ತೊಂಬತ್ತನೇ ದಿನ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಅವರು ಆ ಸಾಲುಗಳನ್ನು ನೋಡಿದರು. ಆದರೆ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂದರೆ, "ಬ್ಯಾಂಕಿನವ್ರು ಏನೇನೋ ಕಟ್ ಮಾಡ್ತಾನೇ ಇರ್ತಾರಲ್ಲ, ಅದೇ ಇರಬೇಕು ಅನ್ಕೊಂಡೆ ಕಣವ್ವ" ಅಂದರು. ಬೇರೆ ಯಾವುದಕ್ಕೋ ಜೆರಾಕ್ಸ್ ಮಾಡಿಸಲು ಬಂದಾಗ ನನ್ನ ಕಣ್ಣಿಗೆ ಬಿತ್ತು. ಅವರ ಕಾರ್ಡಿನಿಂದ ಯಾರೋ ವಿದೇಶದಲ್ಲಿ ಆನ್‌ಲೈನ್ ಖರ್ಚು ಮಾಡಿದ್ದರು.

ಮಾನ್ಯರೇ, ಈ ಮಾತನ್ನು ದಯವಿಟ್ಟು ಇನ್ನೊಂದು ಸಲ ಓದಿ. ಅರ್ಥವಾಗದ ಸಾಲುಗಳನ್ನು ನೋಡಿ ನೋಡಿ ಜನ ಕೇಳುವುದನ್ನೇ ಬಿಟ್ಟಿದ್ದಾರೆ. ಹಾಗಾಗಿ ನಿಜವಾಗಿ ಕಳ್ಳತನ ಆದಾಗಲೂ ಅದು ಫೀಸಿನ ಥರ ಕಾಣುತ್ತದೆ. ಫೀಸು ಕಳ್ಳತನದ ಥರ ಕಾಣುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸಬೇಕಾದ ಕಾಗದ ನಿಮ್ಮದು.

ಇದರಲ್ಲಿ ದಿನಗಳ ಲೆಕ್ಕ ಎಷ್ಟು ಮುಖ್ಯ ಅಂತ ನಿಮಗೆ ಗೊತ್ತು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಇದೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ನಡುವೆ ಬೇರೆ ಎಲ್ಲೋ ಆಗಿದೆ ಅಂದಾಗ, ಮೆಸೇಜ್ ಬಂದ ಮೂರು ಕೆಲಸದ ದಿನಗಳ ಒಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವೇ ಇಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ. ಅಂದರೆ ಗಡಿಯಾರ ಶುರುವಾಗುವುದು ಆ ಮೆಸೇಜಿನಿಂದ. ಓದಲು ಬಾರದ ಭಾಷೆಯಲ್ಲಿ ಮೆಸೇಜ್ ಕಳಿಸಿ, ನೀವು ತಡ ಮಾಡಿದಿರಿ ಅಂದರೆ ನ್ಯಾಯವಾ?

ಆ ಅಮ್ಮನ ಜೊತೆ ನಾನೂ ಬ್ಯಾಂಕಿಗೆ ಹೋದೆ. ಟೋಲ್ ಫ್ರೀ ನಂಬರಿಗೆ ಮಾಡಿ ಅಂದರು. ಅದೇ ಸುತ್ತೋಲೆಯಲ್ಲಿ ದೂರು ಕೊಡುವ ದಾರಿಗಳ ಪಟ್ಟಿಯಲ್ಲಿ ಗ್ರಾಹಕರ ಸ್ವಂತ ಶಾಖೆಯೂ ಇದೆ. ದೂರು ಬಂದ ಕೂಡಲೇ ಅದರ ನಂಬರ್ ಕೊಡಬೇಕು ಅಂತಲೂ ಇದೆ. ಅವತ್ತು ನಂಬರ್ ಸಿಗಲಿಲ್ಲ. ಮೂರನೇ ಸಲ ಹೋದಾಗ ಲಿಖಿತ ದೂರಿಗೆ ಸೀಲ್ ಹಾಕಿ ಕೊಟ್ಟರು. ಆಮೇಲೆ ಬಂದ ಉತ್ತರ ಒಂದೇ ಸಾಲು: ತಡವಾಗಿದೆ. ಬ್ಯಾಂಕಿನ ನೀತಿ ಏನು ಹೇಳುತ್ತದೆ, ಅದರ ಪ್ರತಿ ಕೊಡಿ ಅಂತ ಕೇಳಿದ್ದಕ್ಕೆ ಇನ್ನೂ ಉತ್ತರ ಇಲ್ಲ. ಗ್ರಾಹಕರದೇ ತಪ್ಪು ಅಂತ ತೋರಿಸುವ ಹೊಣೆ ಬ್ಯಾಂಕಿನ ಮೇಲಿದೆ, ಆ ಬಗ್ಗೆಯೂ ಮಾತಿಲ್ಲ.

ಇನ್ನೊಂದು ಪ್ರಶ್ನೆ ನನ್ನನ್ನು ಕೊರೆಯುತ್ತಿದೆ. ಕಾರ್ಡ್ ಕೊಡುವಾಗ ಎಟಿಎಂ ಮತ್ತು ಅಂಗಡಿಯ ಯಂತ್ರಕ್ಕೆ, ಅದೂ ದೇಶದೊಳಗೆ ಮಾತ್ರ ತೆರೆದಿರಬೇಕು. ಆನ್‌ಲೈನ್, ವಿದೇಶ ಇವೆಲ್ಲ ಗ್ರಾಹಕರು ಕೇಳಿದರೆ ಮಾತ್ರ. ಇದು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಹೇಳಿದ್ದು, ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ನಮ್ಮ ಬೀದಿಯ ಆ ಅಮ್ಮ ಮಂಡ್ಯ ಬಿಟ್ಟು ಆಚೆ ಹೋದದ್ದು ಮೇಲುಕೋಟೆ ವೈರಮುಡಿಗೆ, ಚಾಮುಂಡಿ ಬೆಟ್ಟಕ್ಕೆ. ಅವರ ಕಾರ್ಡಿನಲ್ಲಿ ವಿದೇಶದ ಆನ್‌ಲೈನ್ ಖರ್ಚಿಗೆ ಬಾಗಿಲು ತೆರೆದವರು ಯಾರು?

ನಾನು ಹೊಸದೇನನ್ನೂ ಕೇಳುತ್ತಿಲ್ಲ. ಅರ್ಥವಾಗದ ನಮೂದುಗಳನ್ನು ಬಿಡಿ, ಚಿಕ್ಕದಾಗಿ ಅರ್ಥವಾಗುವಂತೆ ಬರೆಯಿರಿ ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಮೊದಲಿನಿಂದ ಹೇಳುತ್ತಾ ಬಂದಿದೆ. 2017ರ ಜೂನ್ 22ರಂದು ಇನ್ನೂ ಬಿಡಿಸಿ ಹೇಳಿತು. ಶುಲ್ಕ ಕಟ್ ಮಾಡಿದರೆ ಅದು ಫೀಸೋ, ಕಮಿಷನ್ನೋ, ದಂಡವೋ ಅಂತ ಬರೆಯಬೇಕು. ಯಾತಕ್ಕೆ ಅನ್ನುವ ಕಾರಣವನ್ನೂ ಬರೆಯಬೇಕು. ಹಾಗೇ ಗ್ರಾಹಕರು ಬಳಸುವ ಪಾಸ್‌ಬುಕ್, ಚಲನ್, ಅರ್ಜಿ ನಮೂನೆ ಮುಂತಾದ ಅಚ್ಚಿನ ಕಾಗದಗಳು ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರದೇಶದ ಭಾಷೆ ಮೂರರಲ್ಲೂ ಇರಬೇಕು ಅಂತ ಗ್ರಾಹಕ ಸೇವೆಯ ಬಗ್ಗೆ 2015ರ ಜುಲೈ 1ರಂದು ಹೊರಟ ಮುಖ್ಯ ಸುತ್ತೋಲೆಯಲ್ಲಿ ಇದೆ. ನಮ್ಮ ಪಾಸ್‌ಬುಕ್ಕಿನ ಹೊದಿಕೆಯ ಮೇಲೆ ಕನ್ನಡ ಇದೆ, ನಿಜ. ಒಳಗೆ ದುಡ್ಡಿನ ವಿಷಯ ಬರುವ ಕಡೆ ಇಲ್ಲ.

ನನ್ನ ತಾತನ ಹಳೆಯ ಪಾಸ್‌ಬುಕ್ ಮನೆಯಲ್ಲಿದೆ. ನೀಲಿ ಇಂಕಿನಲ್ಲಿ, ಗುಮಾಸ್ತರ ಕೈಬರಹದಲ್ಲಿ, ಕನ್ನಡದಲ್ಲಿ ಬರೆದಿದ್ದಾರೆ. "ಬಡ್ಡಿ" ಅಂತ ಇದೆ, "ಕಬ್ಬಿನ ಬಾಬ್ತು" ಅಂತ ಇದೆ. ನಾಲ್ಕನೇ ಕ್ಲಾಸ್ ಓದಿದ್ದ ತಾತ ಅದನ್ನು ತಾವೇ ಓದಿಕೊಳ್ಳುತ್ತಿದ್ದರು. ಈಗ ಕಂಪ್ಯೂಟರ್ ಬಂದಿದೆ, ಅದರಲ್ಲಿ ಕನ್ನಡ ಕೂಡಿಸುವುದು ಕಷ್ಟದ ಕೆಲಸವೇನಲ್ಲ. ನನ್ನ ಪುಟ್ಟ ಅಂಗಡಿಯ ಪ್ರಿಂಟರ್ ದಿನಕ್ಕೆ ನೂರು ಹಾಳೆ ಕನ್ನಡ ಅಚ್ಚು ಹಾಕುತ್ತದೆ. ಪಕ್ಕದ ಮೈಸೂರಿನಲ್ಲಿ ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯವೇ ಇದೆ. ನೋಟಿನ ಹಿಂಭಾಗದ ಪಟ್ಟಿಯಲ್ಲಿ 15 ಭಾಷೆಗಳಲ್ಲಿ ಮೊತ್ತ ಬರೆದಿರುತ್ತದೆ, ಅದರಲ್ಲಿ ಕನ್ನಡವೂ ಒಂದು. ನೋಟಿನ ಮೇಲೆ ಕನ್ನಡ ಇರಬಹುದಾದರೆ, ಆ ನೋಟು ಖಾತೆಯಿಂದ ಹೋದ ಕಾರಣ ಕನ್ನಡದಲ್ಲಿ ಯಾಕೆ ಇರಬಾರದು?

ಶಾಖೆಗಳಲ್ಲಿ ನಿಮ್ಮ ಕಷ್ಟವನ್ನೂ ನೋಡಿದ್ದೇನೆ. ಪಿಂಚಣಿ ದಿನ ಬಾಗಿಲಾಚೆ ತನಕ ಸಾಲು ಇರುತ್ತದೆ, ಕೌಂಟರಿನಲ್ಲಿ ಇಬ್ಬರೇ ಇರುತ್ತಾರೆ. ಬೇರೆ ರಾಜ್ಯದಿಂದ ಬಂದ ಹುಡುಗರು ಕನ್ನಡ ಕಲಿಯಲು ಒದ್ದಾಡುತ್ತಾ, ಊಟ ಬಿಟ್ಟು ಕೆಲಸ ಮಾಡುವುದನ್ನೂ ನೋಡಿದ್ದೇನೆ. ಒಬ್ಬೊಬ್ಬರಿಗೂ ಕೂರಿಸಿ ವಿವರಿಸಲು ಸಮಯ ಇಲ್ಲ ಅನ್ನುವುದು ನಿಜ. ಅದಕ್ಕೇ ಹೇಳುತ್ತಿದ್ದೇನೆ, ಆ ಕೆಲಸವನ್ನು ಕಾಗದವೇ ಮಾಡಲಿ.

ಸಾಫ್ಟ್‌ವೇರ್ ಬದಲಾಯಿಸುವುದು ನಿಮ್ಮ ಕೈಯಲ್ಲಿಲ್ಲ, ಮುಖ್ಯ ಕಚೇರಿಯ ಕೆಲಸ ಅಂತ ಗೊತ್ತು. ಅಲ್ಲಿಗೆ ಬರೆಯಿರಿ. ಶುಲ್ಕಗಳ ಹೆಸರು ಹತ್ತಿಪ್ಪತ್ತು ಇರಬಹುದು, ಅಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಕನ್ನಡದಲ್ಲಿ ಮೆಸೇಜ್ ಬೇಕಾ ಅಂತ ಖಾತೆ ತೆರೆಯುವ ದಿನವೇ ಕೇಳಿ. ಆದರೆ ಅಲ್ಲಿಯವರೆಗೆ ಶಾಖೆಯಲ್ಲೇ ಆಗುವ ಕೆಲಸಗಳೂ ಇವೆ. ಗೊತ್ತಿಲ್ಲದ ಕಡಿತ ಅಂತ ಯಾರಾದರೂ ಬಂದರೆ ಮೊದಲು ಕಾರ್ಡ್ ನಿಲ್ಲಿಸಬೇಕಾ ಅಂತ ಕೇಳಿ, ದೂರು ಬರೆದುಕೊಂಡು ನಂಬರ್ ಕೊಡಿ. ಆಮೇಲೆ ಆ ಸಾಲಿನ ರೆಫರೆನ್ಸ್ ನಂಬರ್ ಹಿಡಿದು ಅದು ಯಾವ ಅಂಗಡಿ, ಯಾವ ಊರು ಅಂತ ನೋಡಿ ಹೇಳಿ. ನೋಡದೆ "ನೀವೇ ಖರ್ಚು ಮಾಡಿರ್ತೀರಿ" ಅನ್ನಬೇಡಿ. ಕಾರ್ಡನ್ನು ಲಕೋಟೆಯಿಂದಲೇ ತೆಗೆಯದ ಎಷ್ಟೋ ಅಜ್ಜಿಯರು ಅದಕ್ಕೂ ವರ್ಷ ವರ್ಷ ಫೀಸು ಕಟ್ಟುತ್ತಿದ್ದಾರೆ. ಕಾರ್ಡ್ ಬೇಡವಾದರೆ ವಾಪಸ್ ಕೊಡಬಹುದು ಅಂತ ಅವರಿಗೆ ಬಾಯಿಬಿಟ್ಟು ಹೇಳಿ.

ಲೀಡ್ ಬ್ಯಾಂಕ್ ವ್ಯವಸ್ಥಾಪಕರಲ್ಲಿ ಪ್ರತ್ಯೇಕ ಮನವಿ. ಮೂರು ತಿಂಗಳಿಗೊಮ್ಮೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಎಲ್ಲ ಬ್ಯಾಂಕುಗಳ ಸಭೆ ನಡೆಸುತ್ತೀರಿ. ಸಾಲದ ಗುರಿ ಎಷ್ಟು ಮುಟ್ಟಿತು ಅಂತ ಅಲ್ಲಿ ಚರ್ಚೆಯಾಗುತ್ತದೆ. ಮುಂದಿನ ಸಭೆಯಲ್ಲಿ ಈ ವಿಷಯವನ್ನೂ ಇಡಿ. ಪಾಸ್‌ಬುಕ್ ಯಂತ್ರದ ಪಕ್ಕ ಕನ್ನಡದಲ್ಲಿ ವಿವರ ಹಾಕಿರುವ ಶಾಖೆಗಳು ಎಷ್ಟು ಅಂತ ಪ್ರತಿ ಬ್ಯಾಂಕಿನಿಂದಲೂ ಲೆಕ್ಕ ತೆಗೆದುಕೊಳ್ಳಿ.

ಈ ಪತ್ರ ಓದುವ ನನ್ನ ಊರಿನವರಿಗೂ ಒಂದು ಮಾತು. ಗೊತ್ತಿಲ್ಲದ ಕಡಿತ ಕಂಡರೆ ಮೊದಲು ಮೊತ್ತವನ್ನು ನಿಮ್ಮ ಹಳೆಯ ಬಿಲ್‌ಗಳ ಜೊತೆ ಹೋಲಿಸಿ, ಬಿಲ್ಲಿನ ಕೆಳಗಿನ ಸಣ್ಣ ಅಕ್ಷರದ ಹೆಸರನ್ನೂ ನೋಡಿ. ಮನೆಯಲ್ಲಿ ಯಾರಾದರೂ ಆ ಕಾರ್ಡ್ ಬಳಸಿದ್ದಾರಾ ಅಂತ ಸಮಾಧಾನವಾಗಿ ಕೇಳಿ. ಇದಕ್ಕೆಲ್ಲ ಅರ್ಧ ಗಂಟೆ ಸಾಕು. ಆಗಲೂ ಗೊತ್ತಾಗದಿದ್ದರೆ ಕಾಯಬೇಡಿ. ಕಾರ್ಡ್ ಬ್ಲಾಕ್ ಮಾಡಿಸಿ, ಮೋಸ ಅನ್ನಿಸಿದರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಶಾಖೆಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಟ್ಟು ಸೀಲ್ ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿಗೆ, ದೂರು ಕೊಡಬಹುದು. ಅದಕ್ಕೆ ಫೀಸು ಇಲ್ಲ. ಅಂಗನವಾಡಿಯ ಅಮ್ಮನ ದೂರನ್ನು ನಾನು ಈ ವಾರ ಅಲ್ಲಿಗೇ ಕಳಿಸುತ್ತಿದ್ದೇನೆ.

ಮಾನ್ಯರೇ, ಪಾಸ್‌ಬುಕ್ಕಿನಲ್ಲಿ ಪದೇ ಪದೇ ಬರುವ ಹದಿನಾಲ್ಕು ಗುರುತುಗಳಿಗೆ ಕನ್ನಡದಲ್ಲಿ ಅರ್ಥ ಬರೆದು ಒಂದು ಹಾಳೆ ತಯಾರಿಸಿದ್ದೇನೆ. ಕಾರ್ಡಿನ ವಾರ್ಷಿಕ ಫೀಸು, ಕಂತು ವಾಪಸ್ ಹೋದ ದಂಡ, ಮೂರು ತಿಂಗಳಿಗೊಮ್ಮೆ ಹೋಗುವ ಮೆಸೇಜ್ ಶುಲ್ಕ, ಬೇರೆ ಬ್ಯಾಂಕಿನ ಎಟಿಎಂ ಶುಲ್ಕ, ಜೂನ್ ಆಸುಪಾಸಿನಲ್ಲಿ ಕಟ್ ಆಗುವ 20 ಮತ್ತು 436 ರೂಪಾಯಿಯ ಪ್ರಧಾನಮಂತ್ರಿ ವಿಮೆ ಕಂತು ಎಲ್ಲ ಇದೆ. ಅಕ್ಷರ ದಪ್ಪ ಇದೆ, ವಯಸ್ಸಾದವರೂ ಓದಬಹುದು. ನಿಮ್ಮ ಶಾಖೆಯಲ್ಲಿ ಬಳಸುವ ಗುರುತು ಬೇರೆ ಇದ್ದರೆ ಪೆನ್ನಿನಲ್ಲಿ ತಿದ್ದಿ ಕೊಡಿ, ಸರಿ ಮಾಡಿ ತರುತ್ತೇನೆ. ಐವತ್ತು ಪ್ರತಿ ತೆಗೆದಿಟ್ಟಿದ್ದೇನೆ, ದುಡ್ಡು ಬೇಡ. ಇದೇ ಸೋಮವಾರದಿಂದ ಒಂದೊಂದು ಶಾಖೆಗೂ ನಾನೇ ಬರುತ್ತೇನೆ. ಪಾಸ್‌ಬುಕ್ ಯಂತ್ರದ ಪಕ್ಕದ ಗೋಡೆಯಲ್ಲಿ ಅಂಟಿಸಲು ಒಂದು ಹಾಳೆಯಷ್ಟು ಜಾಗ ಮಾಡಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಜೆರಾಕ್ಸ್ ಅಂಗಡಿಯ ಹೆಣ್ಣುಮಗಳು, ನಿಮ್ಮ ಗ್ರಾಹಕಿ
ಮಂಡ್ಯ